ಮೊದಲು ಹೇಗಿದ್ದರು?

ವ್ಯಕ್ತಿತ್ವ ಮನಶ್ಶಾಸ್ತ್ರ ಓದಲು ಸೇರಿದವರಿಗೆ ಮೊದಲ ವರ್ಷವೇ ಒಂದು ಚಟ ಅಂಟಿಕೊಳ್ಳುತ್ತದೆ. ಕಂಡಕಂಡವರನ್ನೆಲ್ಲ ಅಳೆಯುವ ಚಟ. ಬಸ್ಸಿನಲ್ಲಿ ಪಕ್ಕ ಕೂತವನು ಸರಿದು ಜಾಗ ಕೊಡದಿದ್ದರೆ ಅವನಿಗೆ ಹೊಂದಾಣಿಕೆ ಕಡಿಮೆ. ಅಂಗಡಿಯವನು ಪೊಟ್ಟಣವನ್ನು ಮೂಲೆ ಮಡಿಸಿ ಮಡಿಸಿ ಕಟ್ಟಿದರೆ ಶಿಸ್ತು ಜಾಸ್ತಿ. ಸೋದರತ್ತೆ ಗೊಣಗಿದರೆ ಆತಂಕ ವಿಪರೀತ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವರ ಕೈಗೆ ಮನುಷ್ಯರನ್ನು ಅಳೆಯುವ ಕೋಲು ಸಿಕ್ಕರೆ ಕೇಳಬೇಕೆ! ಮನೆಯವರು ಉಸಿರಾಡಿದರೂ ತಪ್ಪು, ಉಸಿರು ಹಿಡಿದರೂ ತಪ್ಪು.

ನಮ್ಮ ಹುಡುಗಿಗೆ ಮಾತ್ರ ಆ ಚಟ ಅಂಟಲಿಲ್ಲ. ಅವಳಿಗೆ ಆಗ ಯಾವುದೂ ಅಂಟುತ್ತಿರಲಿಲ್ಲ.

ಮೊದಲ ಪ್ರಾಯೋಗಿಕ ತರಗತಿಯಲ್ಲಿ ಪ್ರೊಫೆಸರ್ ಮೇಡಂ ಎಲ್ಲರಿಗೂ ಪ್ರಶ್ನಾವಳಿ ಹಂಚಿದರು. ಊರಿನವರನ್ನು ಅಳೆಯುವ ಮೊದಲು ನಿಮ್ಮನ್ನು ನೀವು ಅಳೆದುಕೊಳ್ಳಿ ಎಂಬುದು ಅವರ ಪದ್ಧತಿ. 'ನನಗೆ ಬೇಗ ಕೋಪ ಬರುತ್ತದೆ.' 'ಜನರ ನಡುವೆ ಇರುವುದೆಂದರೆ ನನಗಿಷ್ಟ.' ಇಂಥ ವಾಕ್ಯಗಳು. ಖಂಡಿತ ಅಲ್ಲ ಎಂದರೆ ಒಂದು, ಖಂಡಿತ ಹೌದು ಎಂದರೆ ಐದು, ಹೌದೂ ಅಲ್ಲ, ಅಲ್ಲವೂ ಅಲ್ಲ ಎಂದರೆ ಮೂರು. ಹುಡುಗಿ ಮೊದಲಿನಿಂದ ಕೊನೆಯವರೆಗೆ ಮೂರಕ್ಕೇ ಸುತ್ತು ಹಾಕಿ ಕೊಟ್ಟಳು. ಮೇಡಂ ಹಾಳೆ ಮಗುಚಿ ನೋಡಿದರು, ಕನ್ನಡಕ ಮೇಲೆ ತಳ್ಳಿ ಮತ್ತೊಮ್ಮೆ ನೋಡಿದರು.

"ಏನಮ್ಮಾ, ನೀನು ಮನುಷ್ಯಳಾ, ಮೇಜಾ?"

ತರಗತಿ ಗೊಳ್ಳೆಂದಿತು. ಹುಡುಗಿಯೂ ನಕ್ಕಳು, ನಗಬೇಕಾದ ಜಾಗ ಎಂದು ಗೊತ್ತಿದ್ದದ್ದರಿಂದ. ಅವತ್ತಿನಿಂದ ಸಹಪಾಠಿಗಳ ಬಾಯಲ್ಲಿ ಅವಳು ಮೂರಮ್ಮ. ನಾವೂ ಹಾಗೇ ಕರೆಯೋಣ, ಅವಳಿಗೇನೂ ಬೇಜಾರಿಲ್ಲ. ಬೇಜಾರಾಗುವುದೇ ಬಿಟ್ಟುಹೋಗಿತ್ತಲ್ಲ.

ಮೂರಮ್ಮ ಸೋಗು ಹಾಕುತ್ತಿರಲಿಲ್ಲ. ಬಿಸಿನೀರಿಗೆ ಕೈ ಹಾಕಿದರೂ ಅಷ್ಟೆ, ತಣ್ಣೀರಿಗೆ ಹಾಕಿದರೂ ಅಷ್ಟೆ ಎಂಬಂತಾಗಿತ್ತು ಅವಳ ಪಾಡು. ಅಪ್ಪ ಬಿದ್ದ ಮೇಲೆ ಶುರುವಾದದ್ದು ಅದು.

ಅವಳಪ್ಪ ಡ್ರೈವಿಂಗ್ ಶಾಲೆ ಇಟ್ಟುಕೊಂಡಿದ್ದವರು. ಶಾಲೆ ಎಂದರೆ ಒಂದು ಪುಟ್ಟ ಆಫೀಸು, ಒಂದು ಕಾರು, ಕಾರಿನ ನೆತ್ತಿಯ ಮೇಲೆ ಒಂದು ಬೋರ್ಡು. ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಇವರ ಕಾಲಡಿ ಇನ್ನೊಂದು. ಆದರೆ ಕಾರು ನಿಲ್ಲುತ್ತಿದ್ದದ್ದು ಇವರ ಬ್ರೇಕಿನಿಂದಲ್ಲ, ಬಾಯಿಂದ. "ತುಳಿಯಯ್ಯಾ ಬ್ರೇಕು! ಅದೇನು ನಿಮ್ಮ ತಾತನ ಪಾದಾನಾ, ಮುಟ್ಟಿ ಕಣ್ಣಿಗೊತ್ತಿಕೊಳ್ಳೋಕೆ? ತುಳಿ!" ಕನ್ನಡಿ ನೋಡುತ್ತ ಕೂದಲು ಸರಿಮಾಡಿಕೊಂಡವಳಿಗೆ, "ಕನ್ನಡಿ ಇರೋದು ಹಿಂದೆ ಬರೋ ಲಾರಿ ನೋಡೋಕೆ ಕಣಮ್ಮಾ, ನಿನ್ನ ಮುಖಾರವಿಂದ ನೋಡ್ಕೊಳ್ಳೋಕಲ್ಲ. ಲಾರಿಯವನು ನಿನ್ನ ಅಂದ ನೋಡಿ ನಿಲ್ಲಿಸ್ತಾನೆ ಅಂದ್ಕೊಂಡ್ಯಾ?" ಎನ್ನುವರು. ಇಡೀ ಬಡಾವಣೆಗೆ ಅವರು ಬೈಗುಳ ಮೇಷ್ಟ್ರು. ಬೈಸಿಕೊಂಡವರೆಲ್ಲ ಮೊದಲ ಸಲಕ್ಕೇ ಪರೀಕ್ಷೆ ಪಾಸಾಗುತ್ತಿದ್ದರು, ಮಾರನೇ ವಾರ ತಮ್ಮನನ್ನೋ ನಾದಿನಿಯನ್ನೋ ಕರೆತಂದು ಸೇರಿಸುತ್ತಿದ್ದರು.

ಕಾರಿನಲ್ಲಾದರೆ ಎರಡು ಬ್ರೇಕು. ಮನೆಯಲ್ಲಿ ಒಂದೂ ಇರಲಿಲ್ಲ. ಟವೆಲ್ಲು ಜಾಗದಲ್ಲಿಲ್ಲದಿದ್ದರೆ ಮನೆ ಎದ್ದು ಕುಣಿಯಬೇಕು. ಕೈಗೆ ಸಿಕ್ಕಿದ್ದು ಗೋಡೆಗೆ. ಒಂದು ಸಲ ಪಾತ್ರೆಯ ಮುಚ್ಚಳ ಗೋಡೆ ತಪ್ಪಿ ಅಮ್ಮನ ಹಣೆಗೆ ಬಿತ್ತು, ಹುಬ್ಬಿನ ಮೇಲೆ ಹೊಲಿಗೆ ಹಾಕಬೇಕಾಯಿತು. ಆಸ್ಪತ್ರೆಗೆ ಕರೆದೊಯ್ದವರೂ ಅವರೇ; ದಾರಿಯುದ್ದಕ್ಕೂ ಅಡ್ಡ ಬಂದವರಿಗೆಲ್ಲ ಬೈಯುತ್ತ, ಕಣ್ಣೀರು ಸುರಿಸುತ್ತ ಓಡಿಸಿದರು. ಹಾಗಂತ ಪ್ರೀತಿ ಇರಲಿಲ್ಲವೇ? ಇತ್ತು. ಮಗಳಿಗೆ ಜ್ವರ ಬಂದರೆ ಮಂಚದ ಪಕ್ಕ ಕೂತು ಜ್ವರಕ್ಕೇ ಬೈಯುತ್ತಿದ್ದ ಮನುಷ್ಯ. "ನಾಚಿಕೆ ಆಗಲ್ವಾ ನಿನಗೆ, ಸಣ್ಣ ಮಗು ಮೈಮೇಲೆ ಬಂದು ಕೂರೋಕೆ? ತಾಕತ್ತಿದ್ರೆ ನನ್ನ ಹತ್ರ ಬಾ!" ಜ್ವರದಲ್ಲೂ ಮಗು ಕಿಲಕಿಲ ನಗುತ್ತಿತ್ತು.

ಅಂಥವರು ಒಂದು ಬೆಳಿಗ್ಗೆ ಆಫೀಸಿನ ಮುಂದೆ ಸ್ಟೂಲು ಹತ್ತಿ, ಬಾಗಿಲ ಮೇಲೆ ಓರೆಯಾಗಿದ್ದ ಬೋರ್ಡು ನೆಟ್ಟಗೆ ಮಾಡಲು ಹೋಗಿ ಬಿದ್ದರು. ತಲೆ ಮೆಟ್ಟಿಲಿಗೆ ಬಡಿಯಿತು. ಕೆಲವು ದಿನ ಪ್ರಜ್ಞೆಯಿಲ್ಲ, ಆಮೇಲೆ ಎದ್ದರು. ನಡಿಗೆ ಸರಿ, ಮಾತು ಸರಿ, ನೆನಪು ಸರಿ. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎಂದು ನೆಂಟರೆಲ್ಲ ಸಮಾಧಾನಪಟ್ಟುಕೊಂಡರು. ಹೋದದ್ದು ತಲೆಪಾಗಿಯಲ್ಲ, ತಲೆಯೇ ಎಂದು ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು.

ಅಪ್ಪನಿಗೆ ಕೋಪ ಬರುವುದು ನಿಂತುಹೋಯಿತು. ನಗು ಬರುವುದೂ ನಿಂತಿತು. ಕಾಫಿ ಕೊಟ್ಟರೆ ಕುಡಿಯುವರು, ಕೊಡದಿದ್ದರೆ ಕೇಳುವವರಲ್ಲ. ಮತ್ತೆ ಕಲಿಸಲು ಹೋದಾಗ ಹುಡುಗನೊಬ್ಬ ಕಾರನ್ನು ಸೀದಾ ಚರಂಡಿಯತ್ತ ಬಿಟ್ಟ. ಅಪ್ಪ ತಮ್ಮ ಬ್ರೇಕು ತುಳಿದರು, ಮುಂದೆ ನೋಡುತ್ತ ಸುಮ್ಮನೆ ಕೂತರು. ಆ ಹುಡುಗನಿಗೆ ಹೆದರಿಕೆ ಹತ್ತಿದ್ದು ಚರಂಡಿಗಲ್ಲ, ಆ ಮೌನಕ್ಕೆ. ಒಬ್ಬೊಬ್ಬರೇ ಬಿಟ್ಟುಹೋದರು. ಶಾಲೆಗೆ ಬೀಗ ಬಿತ್ತು. ಅಮ್ಮ ಮೊದಲಿನಿಂದಲೂ ಮಾಡುತ್ತಿದ್ದ ಹೊಲಿಗೆ ಕೆಲಸ ಜಾಸ್ತಿ ಮಾಡಿಕೊಂಡಳು.

ಮೂರಮ್ಮ ಆಸ್ಪತ್ರೆಯಲ್ಲೂ ಅಳಲಿಲ್ಲ, ಮನೆಗೆ ಬಂದ ಮೇಲೂ ಅಳಲಿಲ್ಲ. ಓದಿದಳು, ಉಂಡಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಒಂದೇ ಮನೆಯಲ್ಲಿ ಇಬ್ಬರು ಅಕ್ಕಪಕ್ಕ ಕೂತು ಏನೂ ಅನ್ನಿಸದೆ ಟೀವಿ ನೋಡುತ್ತಿದ್ದರು. ಒಬ್ಬರಿಗೆ ಪೆಟ್ಟು ಬಿದ್ದಿತ್ತು, ಇನ್ನೊಬ್ಬಳಿಗೆ ಬಿದ್ದಿರಲಿಲ್ಲ ಅಷ್ಟೆ.

ಎರಡನೇ ವರ್ಷ, ಓದಿದ್ದನ್ನು ಬಳಕೆಗೆ ತರುವ ಅನ್ವಯದ ಪಾಠ ಬಂತು. ಪ್ರೊಫೆಸರ್ ಮೇಡಂ ವಿಶ್ವವಿದ್ಯಾಲಯದ ಆಸ್ಪತ್ರೆಯ ಚೇತರಿಕೆ ವಾರ್ಡಿಗೆ ನೆರವಾಗುತ್ತಿದ್ದರು. ತಲೆಗೆ ಪೆಟ್ಟು ಬಿದ್ದು ಸ್ವಭಾವವೇ ಬದಲಾದವರಿಗೆ ಅಲ್ಲಿ ಮಾತ್ರೆ, ದಿನಾ ಅಭ್ಯಾಸ, ತರಬೇತಿ. ಹಾಸಿಗೆಗಳು ಕಮ್ಮಿ. ಅದಕ್ಕೇ ಮೊದಲು ಒಂದು ವಿಚಾರಣೆ. ರೋಗಿಯನ್ನು ಚೆನ್ನಾಗಿ ಬಲ್ಲ ಇಬ್ಬರನ್ನು ಬೇರೆಬೇರೆಯಾಗಿ ಕೂರಿಸಿ ಒಂದೇ ವಿಷಯ ಕೇಳುವುದು: ಪೆಟ್ಟು ಬೀಳುವ ಮೊದಲು ಈ ಮನುಷ್ಯ ಹೇಗಿದ್ದರು? ಇಬ್ಬರೂ ಮೊದಲೇ ಮಾತಾಡಿಕೊಂಡು ಬರಕೂಡದು. ಈಗಿರುವುದಕ್ಕೂ ಆಗ ಇದ್ದದ್ದಕ್ಕೂ ಅಜಗಜಾಂತರ ಇದ್ದರೆ ಹಾಸಿಗೆ ಸಿಗುತ್ತದೆ. ಮೊದಲಿನಿಂದಲೂ ಇವರು ಹೀಗೇ ಎಂದಾದರೆ ಇಲ್ಲ. ಕಳೆದೇ ಇಲ್ಲದ್ದನ್ನು ಹುಡುಕಿ ಕೊಡುವುದು ಹೇಗೆ?

ತರಗತಿ ಮುಗಿದ ಮೇಲೆ ಮೂರಮ್ಮ ಮೇಡಂ ಮೇಜಿನ ಮುಂದೆ ನಿಂತಳು.

"ಮೇಡಂ, ನಮ್ಮಪ್ಪ ಇದಾರೆ."

ಮೇಡಂ ಪೂರ್ತಿ ಕೇಳಿಸಿಕೊಂಡರು. ಕುರ್ಚಿ ತೋರಿಸಿದರು. "ನಿಮ್ಮಮ್ಮ ಒಬ್ಬರು. ಇನ್ನೊಬ್ಬರು?"

"ನಾನೇ. ಅಷ್ಟು ಬಲ್ಲವರು ಬೇರೆ ಯಾರೂ ಇಲ್ಲ."

"ಅಲ್ಲೇ ಇರೋದು ಕಷ್ಟ. ಯಾವ ಪ್ರಶ್ನೆಗೆ ಏನು ಹೇಳಿದ್ರೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಿನಗೆ ಬಾಯಿಪಾಠ ಆಗಿದೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ." ಮುಂದಿದ್ದ ಪ್ರಶ್ನಾವಳಿಯನ್ನು ಪಕ್ಕಕ್ಕೆ ಸರಿಸಿದರು. "ಒಂದು ಕೆಲಸ ಮಾಡೋಣ. ನೀನು ಅಂಕಿ ಹೇಳೋದು ಬೇಡ, ನಡೆದದ್ದನ್ನ ಹೇಳು. ಅಳೆಯೋದು ನಾನು."

ಮೊದಲು ಅಮ್ಮನ ಸರದಿ. ಅಮ್ಮ ಒಳ್ಳೆಯ ಬಟ್ಟೆ ಉಟ್ಟು, ಕೈಚೀಲ ಎದೆಗವಚಿಕೊಂಡು ವಿಚಾರಣೆಯ ಕೋಣೆಗೆ ಹೋದಳು, ಹೋದಷ್ಟೇ ಬೇಗ ಹೊರಗೆ ಬಂದಳು. ಬಸ್ಸಿನಲ್ಲಿ ತುಟಿ ಬಿಚ್ಚಲಿಲ್ಲ. ಮಾತಾಡಿಕೊಳ್ಳಕೂಡದು ಎಂಬ ನಿಯಮವನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದಾಳೆ ಎಂದುಕೊಂಡಳು ಮೂರಮ್ಮ. ಮನೆಗೆ ಬಂದು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಕೂತ ಮೇಲೆ ಅಮ್ಮ ತಲೆ ಎತ್ತದೆ ಹೇಳಿದಳು.

"ಅವರು ಮೊದಲಿಂದಲೂ ಹೀಗೇ, ಸಮಾಧಾನಿ ಅಂತ ಹೇಳ್ಬಿಟ್ಟೆ ಕಣೇ."

"ಅಮ್ಮಾ!"

"ನೀನೂ ಹಾಗೇ ಹೇಳು."

"ಹಾಗಂದ್ರೆ ಅವರನ್ನ ಸೇರಿಸ್ಕೊಳ್ಳಲ್ಲಮ್ಮ."

"ಗೊತ್ತು." ಅಮ್ಮನ ಕೈಯ ಚಾಕು ನಿಂತಿತು. "ಮದುವೆ ಆದಾಗಿಂದ ನಾನು ಒಂದು ದಿನ ಎದೆ ಢವಗುಟ್ಟದೆ ಅಡುಗೆ ಮಾಡಿದವಳಲ್ಲ. ಗೇಟಿನ ಸದ್ದು ಕೇಳಿದ್ರೆ ಕೈಯಲ್ಲಿದ್ದದ್ದು ಜಾರೋದು. ಈಗ ಮಧ್ಯಾಹ್ನ ಹೊತ್ತು ಮಲಗಿದ್ರೆ ನಿದ್ದೆ ಬರುತ್ತೆ ನನಗೆ. ನಿದ್ದೆ, ಗೊತ್ತಾ? ಅವರಿಗೂ ಏನೂ ನೋವಿಲ್ಲ. ತಿಂತಾರೆ, ಮಲಗ್ತಾರೆ. ನೋಡ್ಕೋತೀನಿ, ಬಿಟ್ಟು ಹೋಗ್ತೀನಾ? ಕೊನೇವರೆಗೂ ನೋಡ್ಕೋತೀನಿ. ಹೀಗೇ ಇರಲಿ ಅಂದ್ರೆ ಪಾಪಾನಾ ಅದು?"

ಪಾಪ ಹೌದೋ ಅಲ್ಲವೋ, ಮೂರಮ್ಮನಿಗೆ ಹೊಳೆಯಲಿಲ್ಲ. ಅಮ್ಮ ಹೇಳಿದ್ದೂ ಸರಿ. ಅಪ್ಪನ ಹಾಸಿಗೆಯೂ ಸರಿ. ಒಂದು ತಕ್ಕಡಿಯ ಎರಡೂ ತಟ್ಟೆ ಸಮ ನಿಂತಿದ್ದವು, ಅದನ್ನು ನೋಡುತ್ತ ನಿಂತವಳಿಗೆ ಯಾವ ಕಡೆಗೂ ಬೆರಳು ಒತ್ತಬೇಕು ಅನ್ನಿಸಲಿಲ್ಲ. ಹಜಾರಕ್ಕೆ ಹೋಗಿ ಅಪ್ಪನ ಎದುರು ಕೂತಳು. ಎಲ್ಲರನ್ನೂ ಕೇಳಿಯಾಯಿತು, ಇವರನ್ನೂ ಒಂದು ಮಾತು ಕೇಳೋಣ ಎಂದು.

"ಅಪ್ಪಾ, ಮೊದಲು ನೀವು ಹೇಗಿದ್ರಿ ಅಂತ ನೆನಪಿದೆಯಾ?"

"ಇದೆಯಲ್ಲ. ತುಂಬಾ ಕೂಗಾಡ್ತಿದ್ದೆ."

"ಮತ್ತೆ ಹಾಗಾಗಬೇಕು ಅನ್ಸುತ್ತಾ?"

ಅಪ್ಪ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಪರೀಕ್ಷೆಗೆ ಕೂತ ಹುಡುಗನ ಹಾಗೆ. "ಯಾಕೆ ಅಷ್ಟು ಕೋಪ ಬರ್ತಿತ್ತು ಅಂತ ಈಗ ಗೊತ್ತಾಗ್ತಿಲ್ಲಮ್ಮ. ಆದ್ರೂ ಸರಿ, ಆಗದಿದ್ರೂ ಸರಿ. ನಿಮಗೆ ಹೇಗೆ ಅನುಕೂಲವೋ ಹಾಗೆ."

ಅನುಕೂಲವಂತೆ! ಈ ಪದ ಆ ಬಾಯಿಗೆ ಹುಟ್ಟಿದಾಗಿನಿಂದ ಬಂದದ್ದಿಲ್ಲ. ಮೂರಮ್ಮ ಅಲ್ಲೇ ಕೂತಿದ್ದಳು. ಬೇಕು ಬೇಡ ಎನ್ನುವ ಜಾಗವೇ ಕೆಟ್ಟವರನ್ನು ಏನು ಬೇಕು ಎಂದು ಕೇಳುವುದು, ಕಾಲು ಮುರಿದವನಿಗೆ ನೀನೇ ಹೋಗಿ ಡಾಕ್ಟರನ್ನು ಕರೆದುಕೊಂಡು ಬಾ ಎಂದ ಹಾಗೆ. ಅವರ ಪರವಾಗಿ ಬೇಕು ಎನ್ನುವವರು ಬೇರೆ ಯಾರೋ ಆಗಬೇಕು. ಅಮ್ಮ ಬೇಡ ಎಂದಾಗಿತ್ತು. ಉಳಿದವಳು ಇವಳೊಬ್ಬಳು, ಇವಳಿಗೋ ಹೌದೂ ಅಲ್ಲ, ಅಲ್ಲವೂ ಅಲ್ಲ.

ತನ್ನ ಸರದಿ ಬಂದಾಗಲೂ ಅವಳು ಏನು ಹೇಳುವುದೆಂದು ನಿರ್ಧರಿಸಿರಲಿಲ್ಲ. ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ನೀರಿನ ಜಗ್ಗು. ಮೇಡಂ ಪೆನ್ನು ತೆರೆದು ಕೂತಿದ್ದರು.

"ಹೇಳು. ಮೊದಲು ಹೇಗಿದ್ದರು?"

ಮೂರಮ್ಮ ಬಾಯಿ ತೆರೆದಳು. ಸಮಾಧಾನಿ ಎಂದು ಹೇಳಲೆಂದೇ ತೆರೆದಿರಬೇಕು, ದೇವರಿಗೇ ಗೊತ್ತು. ಬಂದದ್ದು ಬೇರೆ. "ಬ್ರೇಕು ತುಳಿಯಯ್ಯಾ, ಅದೇನು ನಿಮ್ಮ ತಾತನ ಪಾದಾನಾ..." ಅಪ್ಪನ ದನಿ, ಅಪ್ಪನ ಏರಿಳಿತ, ಕೊನೆಗೆ ಅಪ್ಪ ತೊಡೆ ಬಡಿದುಕೊಳ್ಳುತ್ತಿದ್ದ ರೀತಿ ಸಮೇತ. ಮೇಡಂ ನಕ್ಕುಬಿಟ್ಟರು. ಕನ್ನಡಿಯ ಕಥೆ ಬಂತು. ಜ್ವರಕ್ಕೆ ಬೈದ ಕಥೆ ಬಂತು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೂರಮ್ಮನ ಎದೆಯಲ್ಲಿ ಎಲ್ಲೋ ಒಂದು ಕಡೆ ಬೆಚ್ಚಗಾಯಿತು, ಮರಗಟ್ಟಿದ ಕಾಲಿಗೆ ರಕ್ತ ಹರಿಯತೊಡಗಿದ ಹಾಗೆ. ಆ ದನಿಯನ್ನು ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ. ಇನ್ನೊಂದು ಹೇಳಿದಳು, ಮತ್ತೊಂದು ಹೇಳಿದಳು.

"ಇದೆಲ್ಲ ಕಾರಲ್ಲಿ. ಮನೇಲಿ?" ಎಂದು ಕೇಳಿದರು ಮೇಡಂ.

"ಮನೇಲೂ ಬೈತಿದ್ರು."

"ಬೈಗುಳ ಅಷ್ಟೇನಾ?"

ಇಲ್ಲಿ ಮುಚ್ಚಳದ ವಿಷಯ ಹೇಳಬೇಕಿತ್ತು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು; ಪಾಠದಲ್ಲೇ ಇತ್ತು. ಮೇಡಂ ಅಮ್ಮನನ್ನು ಮತ್ತೆ ಕರೆಸುತ್ತಾರೆ, ಮನೆಯವರ ಕ್ಷೇಮದ ಪ್ರಶ್ನೆ ಏಳುತ್ತದೆ, ಹಾಸಿಗೆ ಬೇರೆ ಯಾರಿಗೋ ಹೋಗುತ್ತದೆ. ಬೇರೆ ಯಾವ ಮನೆಯ ಮಗಳಾಗಿದ್ದರೂ ಗೊತ್ತಿಲ್ಲದೆ ಹೇಳಿಬಿಡುತ್ತಿದ್ದಳು. ಓದಿದ್ದಕ್ಕೆ ಆದ ಪ್ರಯೋಜನ ನೋಡಿ.

"ಅಷ್ಟೆ ಮೇಡಂ. ಬಾಯಿ ಜೋರು, ಮನಸ್ಸು ಮೃದು."

"ಕೊನೇದು ಒಂದು. ಇದಕ್ಕೆ ಮಾತ್ರ ಅಂಕಿ ಹೇಳು. ಮನೇಲಿ ಯಾರಾದ್ರೂ ಅವರಿಗೆ ಹೆದರ್ತಿದ್ರಾ? ಒಂದರಿಂದ ಐದು."

"ಮೂರು," ಎಂದಳು ಮೂರಮ್ಮ.

ಮೇಡಂ ಅವಳ ಮುಖವನ್ನೇ ನೋಡಿದರು. ಅಡ್ಡಹೆಸರು ಅವರಿಗೂ ಗೊತ್ತಿತ್ತು. ಇವಳು ಹೇಳುವುದೇ ಹೀಗೆ ಎಂದುಕೊಂಡರೇನೋ, ಬರೆದುಕೊಂಡರು. "ನಿಮ್ಮಮ್ಮ ಬೇರೆ ಥರ ಹೇಳಿದಾರೆ. ಆದ್ರೆ ಸಮಾಧಾನಿ ಅಂದ್ರಲ್ಲ, ಒಂದು ಘಟನೆ ಹೇಳಿ ಅಂದೆ. 'ಸಮಾಧಾನದ್ದೇನು ಘಟನೆ ಇರುತ್ತೆ?' ಅಂದ್ರು. ನಡೆದದ್ದು ಇರೋದು ನಿನ್ನ ಕಡೆ. ವಾರ್ಡಿಗೆ ಬರೆದು ಕೊಡ್ತೀನಿ."

ಅಮ್ಮ ಜಗಳ ಮಾಡಲಿಲ್ಲ. ಮಾಡಿದ್ದರೆ ವಾಸಿಯಿತ್ತು. ವಿಷಯ ಕೇಳಿ ಹೊಲಿಗೆ ಮೆಷಿನ್ನಿನ ಸೂಜಿಗೆ ದಾರ ಪೋಣಿಸಿದಳು. "ಆಯ್ತು ಬಿಡು. ನಿನಗೂ ಅಪ್ಪ ತಾನೇ," ಎಂದಳು. ಅಪ್ಪನ ಬಟ್ಟೆಗಳನ್ನು ಇಸ್ತ್ರಿ ಮಾಡಿ ಚೀಲಕ್ಕೆ ತುಂಬಿಕೊಟ್ಟವಳೂ ಅವಳೇ.

ಅಪ್ಪ ವಾರ್ಡಿನಲ್ಲಿದ್ದು ಬಂದರು. ಬಂದ ಮೇಲೂ ಮಾತ್ರೆ ನಡೆದೇ ಇತ್ತು, ವಾರಕ್ಕೊಮ್ಮೆ ಅಭ್ಯಾಸಕ್ಕೆ ಹೋಗುವುದೂ ಇತ್ತು. ಮೊದಮೊದಲು ಅಂಥದ್ದೇನೂ ಕಾಣಲಿಲ್ಲ. ಮೂರಮ್ಮ ನಡುನಡುವೆ ಅಪ್ಪನ ಮುಖ ನೋಡುವಳು, ಬೀಜ ಹಾಕಿದ ಕುಂಡವನ್ನು ದಿನಾ ಇಣುಕುವ ಮಕ್ಕಳ ಹಾಗೆ. ಒಂದು ದಿನ ಅಪ್ಪ ತಾವೇ ಎದ್ದು ಟೀವಿ ಚಾನೆಲ್ಲು ಬದಲಾಯಿಸಿದರು. ಇನ್ನೊಂದು ದಿನ ಈ ಅಂಗಿ ಬೇಡ, ಆ ನೀಲಿಯದು ಕೊಡು ಎಂದರು. ಬೇಡ ಎಂದರು! ಅವಳು ಓಡಿಹೋಗಿ ಮೇಡಂಗೆ ವರದಿ ಒಪ್ಪಿಸಿದಳು. ಮೇಡಂ ಬೆನ್ನು ತಟ್ಟಿದರು. ಬರುವ ವರ್ಷದ ತರಗತಿಗೆ ಈ ಪ್ರಕರಣವನ್ನು ಉದಾಹರಣೆಯಾಗಿ ಇಡೋಣ ಎಂದರು.

ರಜೆಯ ದಿನ, ಮಧ್ಯಾಹ್ನ. ಅಮ್ಮ ಕಾಫಿ ಮಾಡಿ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಒಳಗೆ ಹೋಗಿದ್ದಳು. ಮೂರಮ್ಮ ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಅಪ್ಪ ಲೋಟ ಎತ್ತಿ ಒಂದು ಗುಟುಕು ಕುಡಿದರು. ಲೋಟವನ್ನು ದಿಟ್ಟಿಸಿ ನೋಡಿದರು.

"ಏನೇ ಇದು? ಕಾಫೀನಾ, ಪಾತ್ರೆ ತೊಳೆದ ನೀರಾ? ಹಾಲು ಹಾಕಿದೀಯೋ, ಇಲ್ಲ ಹಸು ಆ ಕಡೆಯಿಂದ ಹೋಗ್ತಿದ್ದಾಗ ಲೋಟ ತೋರಿಸಿ ತಂದ್ಯೋ?"

ಕಿವಿ ಕಿತ್ತುಹೋಗುವ ಹಾಗೆ ಕೂಗಿದರು. ಅದೇ ದನಿ, ಅದೇ ಏರು. ಮೂರಮ್ಮನಿಗೆ ನಗು ಒದ್ದುಕೊಂಡು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅಷ್ಟು ದಿನದಿಂದ ಮೈಮೇಲೆ ಕೂತಿದ್ದ ಮಂಜುಗಡ್ಡೆ ಒಂದೇ ಸಲಕ್ಕೆ ಕರಗಿದ ಹಾಗಾಯಿತು. ಸಂತೋಷ! ಸಂತೋಷ ಎಂದರೆ ಹೀಗಿರುತ್ತದೆ ಎಂಬುದೇ ಅವಳಿಗೆ ಮರೆತಿತ್ತು. "ಅಮ್ಮಾ, ಕೇಳಿಸ್ತಾ? ಅಮ್ಮಾ!" ಎನ್ನುತ್ತ ಒಳಗೆ ಓಡಿದಳು.

ಅಮ್ಮ ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದಳು. ಸದ್ದಾಗದಂತೆ ಎಳೆದು ಚಿಲಕ ಹಾಕಿದಳು. ಮಗಳನ್ನು ದಾಟಿ ಕೋಣೆಗೆ ಹೋಗಿ ಅಲ್ಲಿಯದನ್ನು ಮುಚ್ಚಿದಳು, ಆಮೇಲೆ ಬೀದಿ ಕಡೆಯದು. ಒಂದಾದ ಮೇಲೊಂದು, ಹುಡುಕದೆ, ತಡವರಿಸದೆ.

"ಯಾಕಮ್ಮಾ, ಸೆಖೆ..."

"ಅಕ್ಕಪಕ್ಕದವರಿಗೆ ಕೇಳಿಸುತ್ತೆ." ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು, ಒದ್ದೆಯಿಲ್ಲದ ಕೈಯನ್ನು. ಮುಖದಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. "ಬಂದ್ರಲ್ಲ ನಿಮ್ಮಪ್ಪ," ಎಂದಳು.

ಹಜಾರದಲ್ಲಿ ಲೋಟ ಗೋಡೆಗೆ ಬಡಿದ ಸದ್ದಾಯಿತು.

"ನೀನು ಒಳಗೆ ಹೋಗಿ ಬಾಗಿಲು ಹಾಕ್ಕೋ," ಎಂದಳು ಅಮ್ಮ, ಮೆಲ್ಲಗೆ, ಪುಟ್ಟ ಮಗುವಿಗೆ ಹೇಳುವ ಹಾಗೆ.

ಮೂರಮ್ಮ ಹೋದಳು. ಹೋಗಬೇಕೆಂದು ಹೋದದ್ದಲ್ಲ, ಅವಳು ಯೋಚಿಸುವ ಮೊದಲೇ ಕಾಲು ಹೊರಟಿತ್ತು. ಬಾಗಿಲು ಹಾಕಿ, ಮಂಚ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಮೊಣಕಾಲು ಮಡಿಸಿ ಕೂತಳು. ಬೆಳೆದ ಹೆಣ್ಣು, ಭುಜ ಹಿಡಿಸಲಿಲ್ಲ. ಚಿಕ್ಕವಳಿದ್ದಾಗ ಸಲೀಸಾಗಿ ಹಿಡಿಸುತ್ತಿತ್ತು ಎಂಬುದು ಆಗ ನೆನಪಾಯಿತು. ಮೇಡಂಗೆ ಹೇಳಿದ ಅಷ್ಟೊಂದು ಕಥೆಗಳಲ್ಲಿ ಈ ಸಂದಿ ಇರಲಿಲ್ಲ. ಬಚ್ಚಿಟ್ಟದ್ದಲ್ಲ, ನೆನಪೇ ಆಗಿರಲಿಲ್ಲ. ಅಮ್ಮನನ್ನು ತಾನೇ ಕೈಯಾರೆ ತಂದು ಆ ಹಜಾರದಲ್ಲಿ ನಿಲ್ಲಿಸಿದೆನಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

ಬಾಗಿಲಾಚೆ ಅಪ್ಪ ಇನ್ನೂ ಕೂಗುತ್ತಿದ್ದರು. ನಡುವೆ ಸಿಕ್ಕ ಜಾಗದಲ್ಲಿ ಅಮ್ಮನ ದನಿ ಕೇಳುತ್ತಿತ್ತು: "ಆಯ್ತು ರೀ, ಆಯ್ತು. ಬೇರೆ ಮಾಡಿ ತಂದೆ. ಈಗ ತಂದೆ."